ಲಾನ್ ಕೆಲಸಕ್ಕೆ ಗಿರಾಕಿ ಹುಡುಕಿದ್ದು: ಪಾಂಪ್ಲೆಟ್ಟಾ, ಆ್ಯಪ್ಪಾ, ನರ್ಸರಿನಾ, ಪಕ್ಕದ ಮನೆನಾ?

ಬೆಂಗಳೂರಲ್ಲಿ ಲಾನ್ ನೋಡಿಕೊಳ್ಳುವ ಕೆಲಸಕ್ಕೆ ಇಳಿಯುವವರು ಹುಲ್ಲಿನ ಜಾತಿ ಕಲಿಯುವ ಮೊದಲು ಸೈಟಿನ ಅಳತೆ ಕಲಿಯಬೇಕು. ತರ್ಟಿ ಫಾರ್ಟಿ ಸೈಟಲ್ಲಿ ಮನೆ ಕಟ್ಟಿದ ಮೇಲೆ ಕಾರು ನಿಲ್ಲಿಸೋಕೇ ಜಾಗ ಸಾಲಲ್ಲ, ಇನ್ನು ಹುಲ್ಲಿಗೆ ಎಲ್ಲಿಂದ ತರೋದು? ಇಷ್ಟು ಸಣ್ಣ ವಿಷಯ ತಲೆಗೆ ಹೋಗೋಕೆ ನನಗೆ ಎರಡು ಸಾವಿರ ಪಾಂಪ್ಲೆಟ್ ಬೇಕಾಯಿತು.

2022ರ ಮಳೆಗಾಲದಲ್ಲಿ ಶುರು ಮಾಡಿದೆ. ನಾನು, ಜೊತೆಗೊಬ್ಬ ಹುಡುಗ, ಹುಲ್ಲು ಕತ್ತರಿಸುವ ಮಿಷನ್ ಒಂದು, ಬ್ರಷ್ ಕಟರ್ ಒಂದು. ಪಾಂಪ್ಲೆಟ್ ಪ್ರಿಂಟಿಗೆ 1,900 ರೂಪಾಯಿ ಆಯಿತು. ಬೆಳಗಿನ ಜಾವ ನಾಲ್ಕೂವರೆಗೆ, ಫುಟ್‌ಪಾತ್ ಮೇಲೆ ಪೇಪರ್ ಜೋಡಿಸುವ ಕಡೆ ಹೋಗಿ ಏಜೆಂಟ್ ಕೈಗೆ ಕೊಟ್ಟೆ. ಪೇಪರ್ ಒಳಗೆ ಹಾಕೋಕೆ ಮತ್ತೆ 1,200. ನನ್ನ ಮನೆಗೆ ಹತ್ತಿರ ಅಂತ ಕತ್ರಿಗುಪ್ಪೆ ಲೈನಿಗೇ ಹಾಕಿಸಿದೆ. ಬಂದ ಫೋನು ಹನ್ನೊಂದು. ಒಬ್ಬರು ತೆಂಗಿನಕಾಯಿ ಕೀಳೋಕೆ ಬರ್ತೀರಾ ಅಂದರು. ಇಬ್ಬರು ಮಾಲಿ ಕೆಲಸ ಖಾಲಿ ಇದೆಯಾ ಅಂತ ಕೇಳಿದರು. ಐದು ಜನಕ್ಕೆ ಖಾಲಿ ಸೈಟಿನ ಕಾಂಗ್ರೆಸ್ ಗಿಡ ತೆಗೆಸಬೇಕಿತ್ತು. ಉಳಿದ ಮೂವರಲ್ಲಿ ತಿಂಗಳ ಗಿರಾಕಿ ಆಗಿದ್ದು ಒಬ್ಬರೇ. ಖಾಲಿ ಸೈಟಿನ ಕೆಲಸದಿಂದ ಹಾಕಿದ ದುಡ್ಡು ವಾಪಸ್ ಬಂತು, ಅದನ್ನ ಮುಚ್ಚಿಡಲ್ಲ. ಆದರೆ ಅದು ಒಂದು ಸಲದ ಕೆಲಸ. ಮುಂದಿನ ವರ್ಷ ಐನೂರೇ ಐನೂರು ಪಾಂಪ್ಲೆಟ್ಟನ್ನ ಜಯನಗರದ ದೊಡ್ಡ ಸೈಟುಗಳಿರುವ ಲೈನಿಗೆ ಹಾಕಿಸಿದೆ. ಇಬ್ಬರು ತಿಂಗಳ ಗಿರಾಕಿ ಸಿಕ್ಕಿದರು. ಅದೇ ಪಾಂಪ್ಲೆಟ್, ಅದೇ ಕೆಟ್ಟ ಫೋಟೋ. ಬದಲಾಗಿದ್ದು ಏರಿಯಾ ಅಷ್ಟೇ.

ಆ್ಯಪ್ ವಿಷಯ ಬೇಗ ಮುಗಿಸ್ತೀನಿ. ಗಿರಾಕಿಗಳ ನಂಬರ್ ಮಾರುವ ಒಂದು ಆ್ಯಪ್‌ಗೆ 5,000 ರೀಚಾರ್ಜ್ ಮಾಡಿದೆ. ಒಂದು ಲೀಡ್‌ಗೆ, ಅಂದರೆ ಒಬ್ಬ ಗಿರಾಕಿಯ ನಂಬರಿಗೆ, ನೂರರ ಆಸುಪಾಸು ಕಟ್ ಆಗುತ್ತಿತ್ತು. ಫೋನ್ ಮಾಡಿದರೆ, "ಅಯ್ಯೋ, ನೀವು ಐದನೆಯವರು" ಅಂತಿದ್ದರು. ಎಲ್ಲರೂ ಫೋನಲ್ಲೇ ರೇಟ್ ಕೇಳ್ತಾರೆ. ಜಾಗ ನೋಡದೆ ರೇಟ್ ಹೇಳೋದು ಹೆಂಗೆ? ಹೇಳದಿದ್ದರೆ ಇನ್ನೊಬ್ಬರು ಹೇಳ್ತಾರೆ. ಮೂರು ಸಲ ಕೆಲಸ ಸಿಕ್ಕಿತು, ಮೂರೂ ಒಂದೇ ದಿನದ್ದು.

ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕೋಕೆ ಕಾಸಿಲ್ಲ. ನಮ್ಮದು ಅಂಗಡಿ ಅಲ್ಲವಲ್ಲ, ಹಾಗಾಗಿ ಮನೆ ವಿಳಾಸ ಮುಚ್ಚಿಟ್ಟು ಯಾವ ಏರಿಯಾಗೆ ಹೋಗ್ತೀವಿ ಅಂತ ಮಾತ್ರ ತೋರಿಸಬಹುದು. ನಾನು ಮೊದಲು ಇಡೀ ಬೆಂಗಳೂರು ಅಂತ ಹಾಕಿಬಿಟ್ಟಿದ್ದೆ. ವೈಟ್‌ಫೀಲ್ಡ್‌ನಿಂದ ಕರೆ ಬಂತು ಅಂತ ಖುಷಿಯಾಗಿ ಹೋದೆ. ಮಿಷನ್ ಸಾಗಿಸೋಕೆ ಲಗೇಜ್ ಆಟೋಗೆ ಹೋಗೋ ದಾರಿಗೇ 900. ಸಿಕ್ಕ ಕೂಲಿ 1,800. ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಹತ್ತಿರ ಕತ್ತಲಾಯಿತು. ಅವತ್ತೇ ರಾತ್ರಿ ಏರಿಯಾ ಕಮ್ಮಿ ಮಾಡಿದೆ. ಇನ್ನೊಂದು ಪಾಠ: ರಿವ್ಯೂ ಹಾಕಿ ಅಂದರೆ ಎಲ್ಲರೂ "ಹಾಕ್ತೀನಪ್ಪಾ" ಅಂತಾರೆ, ಯಾರೂ ಹಾಕಲ್ಲ. ಅವರು ದುಡ್ಡು ಕಳಿಸಿದ ಕೂಡಲೇ, ಇನ್ನೂ ಗೇಟಿನ ಹತ್ತಿರ ನಿಂತಿರುವಾಗಲೇ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಮೂವರಲ್ಲಿ ಒಬ್ಬರಾದರೂ ಹಾಕ್ತಾರೆ.

ನರ್ಸರಿಯವರ ಜೊತೆ ಮಾತಾಡಿಕೊಳ್ಳೋದು ಪಾಂಪ್ಲೆಟ್‌ಗಿಂತ ಮೇಲು. ಲಾಲ್‌ಬಾಗ್ ಪಕ್ಕ, ಸಿದ್ದಾಪುರದ ಕಡೆ ನರ್ಸರಿಗಳ ಸಾಲೇ ಇದೆ. ಹೊಸದಾಗಿ ಹುಲ್ಲು ಹಾಸಿಸಿದವರಿಗೆ ಮೂರ್ನಾಲ್ಕು ವಾರಕ್ಕೆ ಮೊದಲ ಕಟಿಂಗ್ ಬೇಕಾಗುತ್ತೆ. ಆ ಹೊತ್ತಿಗೆ ನಮ್ಮ ನಂಬರ್ ಅವರ ಕೈಯಲ್ಲಿದ್ದರೆ ಕೆಲಸ ಸಿಕ್ಕಂಗೇ. ನರ್ಸರಿಯವರು ಕಮಿಷನ್ ಕೇಳಲಿಲ್ಲ. ಗೊಬ್ಬರ, ಕೆಂಪು ಮಣ್ಣು ತಮ್ಮಲ್ಲೇ ತಗೋಬೇಕು ಅಂದರು, ಅಷ್ಟೇ. ತೊಂದರೆ ಏನಂದರೆ ಅವರು ಮಾರಿದ ಹುಲ್ಲಿನ ತಪ್ಪೂ ನಮ್ಮ ತಲೆಗೇ ಬರುತ್ತೆ. ಒಂದು ಮನೆಯಲ್ಲಿ ಮಾವಿನ ಮರದ ನೆರಳಿಗೆ ಮೆಕ್ಸಿಕನ್ ಹುಲ್ಲು ಹಾಸಿದ್ದರು. ಅದಕ್ಕೆ ಬಿಸಿಲು ಬೇಕು, ಅಲ್ಲಿ ಬರಲ್ಲ. ಎರಡು ತಿಂಗಳಲ್ಲಿ ಬೋಳಾಯಿತು. "ನೀವು ಬಂದ ಮೇಲೇ ಹಿಂಗಾಗಿದ್ದು" ಅಂದರು ಮನೆಯಮ್ಮ. ಈಗ ಹೊಸ ಜಾಗಕ್ಕೆ ಹೋದರೆ ಮೊದಲು ಫೋಟೋ ತೆಗೆದು ಮನೆಯವರಿಗೇ ಕಳಿಸಿ, ಆಮೇಲೆ ಮಿಷನ್ ಇಳಿಸ್ತೀನಿ.

ಅಪಾರ್ಟ್‌ಮೆಂಟ್ ಕಡೆ ನಾನು ತಲೆಯೇ ಹಾಕಿರಲಿಲ್ಲ. 2024ರ ಮಾರ್ಚ್ ಹಾಕಿಸಿತು. ನೀರಿನ ಬರ ಜೋರಾಗಿ, ಗಿಡಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಹದಿನಾಲ್ಕು ಮನೆಗಳಲ್ಲಿ ಐದು ಮನೆಯವರು ಆ ತಿಂಗಳೇ ಬೇಡ ಅಂದರು. ಇಬ್ಬರು ಲಾನ್ ಕಿತ್ತು ಜಲ್ಲಿಕಲ್ಲು ಹಾಕಿಸಿದರು. ಆ ಬೇಸಿಗೆಯಲ್ಲೂ ಹಸಿರಾಗಿದ್ದದ್ದು ದೊಡ್ಡ ಅಪಾರ್ಟ್‌ಮೆಂಟ್‌ಗಳ ಲಾನ್. ಅವರದು ಎಸ್‌ಟಿಪಿ ನೀರು, ಬಳಸಿದ ನೀರನ್ನೇ ಶುದ್ಧ ಮಾಡಿ ಗಿಡಕ್ಕೆ ಬಿಡ್ತಾರೆ. ಹಾಗಾಗಿ ನಾನೂ ಅಸೋಸಿಯೇಷನ್ ಆಫೀಸುಗಳಿಗೆ ಅಲೆದೆ. ಕೆಲಸ ದೊಡ್ಡದು, ನಿಜ. ಆದರೆ ಮೂರು ಕೊಟೇಶನ್ ಬೇಕು, ಕಮಿಟಿ ಮೀಟಿಂಗ್ ಆಗಬೇಕು. ಜಿಎಸ್‌ಟಿ ನಂಬರ್ ಎಲ್ಲಿ ಅಂತ ಕೇಳ್ತಾರೆ. ಸರ್ವಿಸ್ ಮಾಡುವವರಿಗೆ ವರ್ಷದ ವ್ಯವಹಾರ 20 ಲಕ್ಷ ದಾಟೋವರೆಗೆ ಅದು ಕಡ್ಡಾಯ ಅಲ್ಲ ಅಂತ ಬಾಯಿಪಾಠ ಮಾಡಿಕೊಂಡು ಹೋಗಿ. ದುಡ್ಡು ಬರೋಕೆ ನಲವತ್ತೈದು ದಿನ ಆಗುತ್ತೆ. ಕಮಿಟಿ ಬದಲಾದರೆ ಮತ್ತೆ ಮೊದಲಿಂದ. ಕೆಲಸದ ಹುಡುಗರಿಗೆ ಕೊಡೋಕೆ ಕೈಯಲ್ಲಿ ಎರಡು ತಿಂಗಳ ಸಂಬಳ ಇಲ್ಲದವರು ಈ ಕಡೆ ಹೋಗಬೇಡಿ.

ಇನ್ನು ಪಕ್ಕದ ಮನೆ. ಇವತ್ತು ನನ್ನ ಹತ್ತಿರ ತಿಂಗಳ ಗಿರಾಕಿ ಇಪ್ಪತ್ತೊಂದು. ನರ್ಸರಿಯಿಂದ ನಾಲ್ಕು, ಗೂಗಲ್‌ನಿಂದ ಮೂರು, ಪಾಂಪ್ಲೆಟ್‌ನಿಂದ ಬಂದವರಲ್ಲಿ ಉಳಿದದ್ದು ಎರಡು, ಅಪಾರ್ಟ್‌ಮೆಂಟ್ ಎರಡು, ಆ್ಯಪ್ ಸೊನ್ನೆ. ಮಿಕ್ಕ ಹತ್ತೂ ನಾನು ಕೆಲಸ ಮಾಡ್ತಿದ್ದ ಮನೆಯ ಅಕ್ಕಪಕ್ಕದವು.

ಇದಕ್ಕೆ ಉಪಾಯ ಅಂತ ಏನೂ ಇರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆಯ ಕಾಂಪೌಂಡ್ ಆಚೆ, ಮೋರಿವರೆಗಿನ ಪಟ್ಟಿಯಲ್ಲಿ ಹುಲ್ಲು ಕತ್ತರಿಸ್ತಿದ್ದೆ. ಪಟ್ಟಿ ಪಕ್ಕದ ಮನೆ ಮುಂದಕ್ಕೂ ಹಾಗೇ ಹೋಗಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ತಲೆ ಕ್ಷೌರ ಮಾಡಿದ ಹಾಗೆ ಕಾಣುತ್ತಿತ್ತು. ಸುಮ್ನೆ ಅದನ್ನೂ ಎಳೆದುಬಿಟ್ಟೆ, ಹತ್ತು ನಿಮಿಷದ ಕೆಲಸ. ಮಿಷನ್ ಆಫ್ ಮಾಡುವಷ್ಟರಲ್ಲಿ ಆ ಮನೆ ಆಂಟಿ ಕಾಂಪೌಂಡ್ ಮೇಲಿಂದ ಬಗ್ಗಿ, "ಒಳಗಡೆದಕ್ಕೆ ಎಷ್ಟಪ್ಪಾ ತಗೊಳ್ತೀಯಾ?" ಅಂದರು. ಅವರ ಕಣ್ಣ ಮುಂದೆಯೇ ಸ್ಯಾಂಪಲ್ ಬಿದ್ದಿತ್ತು, ನಾನು ವಿವರಿಸೋಕೆ ಏನೂ ಇರಲಿಲ್ಲ. ಆಮೇಲೆ ಅದನ್ನೇ ರೂಢಿ ಮಾಡಿಕೊಂಡೆ. ವಾರದ ದಿನ ಹೋದರೆ ಬೀದಿಯಲ್ಲಿ ಯಾರೂ ಇರಲ್ಲ. ಭಾನುವಾರ ಬೇಗ ಹೋದರೆ ಸದ್ದಿಗೆ ಬೈತಾರೆ. ಶನಿವಾರ ಬೆಳಗ್ಗೆ ಒಂಬತ್ತೂವರೆ ಸರಿ, ತಿಂಡಿ ಆಗಿರುತ್ತೆ. ಒಂದೇ ಬೀದಿಯಲ್ಲಿ ಮೂರು ಮನೆ ಆದರೆ ಲಗೇಜ್ ಆಟೋ ಬಾಡಿಗೆ ಮೂರು ಭಾಗ ಆಗುತ್ತೆ. ನೂರು ರೂಪಾಯಿ ಕಮ್ಮಿ ಹೇಳಿದರೂ ನನಗೇ ಲಾಭ.

ಇದರಲ್ಲೂ ಒಂದು ಸಲ ಎಡವಟ್ಟಾಯಿತು. ಹೀಗೇ ಬಿಟ್ಟಿ ಸೇವೆ ಅಂತ ಒಬ್ಬ ಹಿರಿಯರ ಮನೆ ಮುಂದಿನ ಪಟ್ಟಿಯನ್ನ ನುಣ್ಣಗೆ ಮಾಡಿದೆ. ಅವರು ಅದರಲ್ಲಿ ಗರಿಕೆ ಬೆಳೆಸಿದ್ದರು. ಗಣೇಶ ಹಬ್ಬಕ್ಕೆ ಎರಡೇ ದಿನ ಇತ್ತು. ಕಳೆಗೂ ಗರಿಕೆಗೂ ವ್ಯತ್ಯಾಸ ಗೊತ್ತಿಲ್ಲದವನು ಲಾನ್ ಏನು ನೋಡ್ತೀಯಾ ಅಂತ ಬೀದಿಯಲ್ಲೇ ಬೈದರು. ಬೈಸಿಕೊಳ್ಳೋದು ನ್ಯಾಯವೇ. ಬರ್ಮುಡಾ ಅಂತ ನಾವು ದುಡ್ಡು ತಗೊಂಡು ಹಾಕೋ ಹುಲ್ಲು ಗರಿಕೆಯ ಬಳಗದ್ದೇ ಅಲ್ವಾ! ಸಂಜೆ ಗಾಂಧಿ ಬಜಾರ್‌ನಿಂದ ಎರಡು ಕಟ್ಟು ಗರಿಕೆ ತಂದುಕೊಟ್ಟೆ. "ಅಂಗಡಿದು ಬೇಕಿದ್ರೆ ನಾನೇ ತರ್ತಿರ್ಲಿಲ್ವೇನಯ್ಯಾ?" ಅಂದರು, ಆದರೂ ಇಟ್ಟುಕೊಂಡರು. ಅವರು ಇನ್ನೂ ನನ್ನ ಗಿರಾಕಿ ಆಗಿಲ್ಲ. ಅವರ ತಂಗಿ ಆಗಿದ್ದಾರೆ. ಈಗ ಕೇಳದೆ ಯಾರ ಪಟ್ಟಿಗೂ ಕಟರ್ ಇಡಲ್ಲ.

ಹೊಸದಾಗಿ ಶುರು ಮಾಡುವವರ ಕೈಯಲ್ಲಿ ಐದು ಸಾವಿರ ಇದ್ದರೆ, ಐನೂರು ಪಾಂಪ್ಲೆಟ್ಟನ್ನ ದೊಡ್ಡ ಸೈಟಿನ ಲೈನಿಗೆ ಹಾಕಿಸಿ, ಉಳಿದದ್ದನ್ನ ಪೆಟ್ರೋಲಿಗೆ ಇಟ್ಟುಕೊಳ್ಳಿ ಅಂತೀನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಜಾಸ್ತಿ ಬೆಳೆಯುತ್ತೆ, ಬಿಟ್ಟಿ ಪಟ್ಟಿ ಕೆಲಸಕ್ಕೆ ಅದೇ ಕಾಲ. ನನ್ನ ಆ್ಯಪ್ ವಾಲೆಟ್‌ನಲ್ಲಿ ಇನ್ನೂ 340 ರೂಪಾಯಿ ಕೂತಿದೆ. ಕೇಳಿದ್ದಕ್ಕೆ ವಾಪಸ್ ಕೊಡಲ್ಲ, ಬೇಕಿದ್ದರೆ ಮೂರು ಲೀಡ್ ತಗೊಳ್ಳಿ ಅಂದರು.