ಕೊಡಚಾದ್ರಿಗೆ ಒಬ್ಬರೇ ಹೋಗುವವರಿಗೆ ಕೊಲ್ಲೂರಿನ ಜೀಪು

ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಬಾಡಿಗೆ ಜೀಪುಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮನೆಮಂದಿಯೊಂದಿಗೋ ಗೆಳೆಯರ ಗುಂಪಿನೊಂದಿಗೋ ಹೋಗಿಬಂದವರು. ಒಬ್ಬರೇ ಹೋಗಿ, ಬೆಟ್ಟದ ಮೇಲೆ ಮನಸ್ಸಿಗೆ ತೃಪ್ತಿಯಾಗುವಷ್ಟು ನಡೆದು, ಸಂಜೆಯೊಳಗೆ ಇಳಿಯಬೇಕೆನ್ನುವವರಿಗೆ ಈ ಸೇವೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳಬಯಸುತ್ತೇನೆ. ಚಾಲನೆಯ ವಿಷಯದಲ್ಲಿ ಈ ಜೀಪಿನವರಿಗೆ ಪೂರ್ಣ ಅಂಕ ಕೊಡುತ್ತೇನೆ. ಜೀಪು ಮೇಲೆ ನಮಗಾಗಿ ಕಾಯುವ ಒಂದೂವರೆ ಗಂಟೆಯ ಕಟ್ಟುಪಾಡು ಮಾತ್ರ ನಡೆಯಲೆಂದೇ ಬಂದವರಿಗೆ ಏನೇನೂ ಸಾಲದು.

ಒಂದು ಜೀಪಿಗೆ ಎಂಟು ಜನ ಎಂಬುದು ಇಲ್ಲಿನ ಲೆಕ್ಕ. ಎಂಟು ಸೀಟು ತುಂಬಿದರೆ ಜೀಪು ಹೊರಡುತ್ತದೆ, ಇಲ್ಲವಾದರೆ ಕಾಯಬೇಕು ಅಥವಾ ಖಾಲಿ ಸೀಟುಗಳ ಹಣವನ್ನೂ ಕೊಡಬೇಕು. ನಾನು ಹೋದಾಗ ಸೀಟಿಗೆ 500 ರೂಪಾಯಿಯ ಆಸುಪಾಸಿನಲ್ಲಿತ್ತು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಬೇರೆ. ಒಬ್ಬರೇ ಬಂದವರಿಗೆ ಬೆಳಗಿನ ಹೊತ್ತೇ ಅನುಕೂಲ, ಏಕೆಂದರೆ ಮೂಕಾಂಬಿಕೆಯ ದರ್ಶನ ಮುಗಿಸಿದ ಕೇರಳದ ಯಾತ್ರಿಕರು ಆಗಲೇ ಬೆಟ್ಟಕ್ಕೆ ಹೊರಡುವುದರಿಂದ ಸೀಟು ಬೇಗ ತುಂಬುತ್ತದೆ. ನನ್ನ ಜೀಪಿನಲ್ಲಿದ್ದ ಉಳಿದವರೆಲ್ಲರೂ ಕೇರಳದವರೇ ಆಗಿದ್ದರು, ಚಾಲಕರು ಅವರೊಂದಿಗೆ ಸಲೀಸಾಗಿ ಮಲಯಾಳಂನಲ್ಲಿ ಮಾತನಾಡುತ್ತಿದ್ದರು.

ನಾಗೋಡಿ ಘಾಟಿ ಹತ್ತಿ ನಿಟ್ಟೂರಿನ ಕಡೆಗೆ ಸಾಗುವವರೆಗೂ ಇದು ಸಾಮಾನ್ಯ ಡಾಂಬರು ರಸ್ತೆಯ ಪ್ರಯಾಣ. ಕಟ್ಟಿನಹೊಳೆ ದಾಟಿ ಬೆಟ್ಟದ ದಾರಿ ಹಿಡಿದ ಮೇಲೆ ಕೊಟ್ಟ ಹಣದ ಬೆಲೆ ತಿಳಿಯುತ್ತದೆ. ಮಳೆನೀರು ಕೊರೆದ ಆಳವಾದ ಚರಂಡಿಗಳು, ಅವುಗಳ ನಡುವೆ ಎದ್ದು ನಿಂತ ಕಲ್ಲುಗಳು, ಒಂದು ಬದಿಗೆ ಕಣಿವೆ. ಕಡಿದಾದ ತಿರುವೊಂದರ ಮುಂದೆ ಚಾಲಕರು ಜೀಪನ್ನು ಪೂರ್ತಿ ನಿಲ್ಲಿಸಿ, ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಸಣ್ಣ ಗೇರನ್ನು ಎಳೆದು, ತಲೆ ಹೊರಹಾಕಿ ಎಡಗಡೆಯ ಮುಂದಿನ ಚಕ್ರ ಯಾವ ಕಲ್ಲಿನ ಮೇಲೆ ಕೂರಲಿದೆ ಎಂದು ನೋಡಿಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ, "ಗಟ್ಟಿ ಹಿಡ್ಕಣಿ ಮರ್ರೆ" ಎಂದು ಕೂಗಿ, ಒಂದೊಂದೇ ಚಕ್ರವನ್ನು ಕಲ್ಲಿನಿಂದ ಕಲ್ಲಿಗೆ ದಾಟಿಸಿದರು. ಅವಸರವಾಗಲಿ ಪ್ರದರ್ಶನವಾಗಲಿ ಅದರಲ್ಲಿರಲಿಲ್ಲ; ಎದುರಿಗೆ ಇಳಿದು ಬರುವ ಜೀಪು ಕಂಡಾಗಲೆಲ್ಲ ಅಗಲವಾದ ಜಾಗ ನೋಡಿ ನಿಂತು ದಾರಿ ಬಿಟ್ಟರು. ಸ್ವಂತ ಕಾರನ್ನು ಈ ದಾರಿಯಲ್ಲಿ ಒಯ್ಯಬೇಕೆಂದು ಯೋಚಿಸುವವರು ದಯವಿಟ್ಟು ಆ ಯೋಚನೆಯನ್ನು ಬಿಡಬೇಕು. ಬೆನ್ನುನೋವು, ಕತ್ತುನೋವು ಇರುವವರಿಗೂ ಗರ್ಭಿಣಿಯರಿಗೂ ಈ ಪ್ರಯಾಣ ಖಂಡಿತ ಬೇಡ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಸಮೀಪ. ಬಂದವರಲ್ಲಿ ಅನೇಕರು ಗುಡಿಗೆ ಕೈಮುಗಿದು ನೇರವಾಗಿ ಸರ್ವಜ್ಞಪೀಠದತ್ತ ಹೆಜ್ಜೆಹಾಕುತ್ತಾರೆ. ಗುಡಿಯ ಎದುರಿನ ಎತ್ತರದ ಕಬ್ಬಿಣದ ಕಂಬವನ್ನು ಹತ್ತಿರ ಹೋಗಿ ನೋಡುವವರು ಕಡಿಮೆ. ಲೋಹಶಾಸ್ತ್ರಜ್ಞರು ಬಂದು ಅಧ್ಯಯನ ಮಾಡಿದ ಕಂಬವದು. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಸುರಿಯುವ ಈ ಎತ್ತರದಲ್ಲಿ, ಬಯಲಲ್ಲೇ ನಿಂತಿದ್ದರೂ ಅದು ತುಕ್ಕಿಗೆ ಕರಗಿಹೋಗಿಲ್ಲ ಎಂಬುದು ನಿಂತು ನೋಡಬೇಕಾದ ಸಂಗತಿ.

ಅಲ್ಲಿಂದ ಸರ್ವಜ್ಞಪೀಠಕ್ಕೆ ಸುಮಾರು ಎರಡು ಕಿಲೋಮೀಟರ್ ಏರುದಾರಿ. ಒಂದಷ್ಟು ದೂರ ಶೋಲಾ ಕಾಡಿನ ನೆರಳು, ಮತ್ತೊಂದಷ್ಟು ದೂರ ಬೋಳು ಹುಲ್ಲುಗಾವಲಿನ ಏಣು. 1343 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ, ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬಿಕೆಯಿರುವ ಜಾಗದಲ್ಲಿ, ಪುಟ್ಟದೊಂದು ಕಲ್ಲಿನ ಮಂಟಪವಿದೆ. ನಾನು ತಲುಪಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಂಟಪದ ಕಲ್ಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಆದರೆ ಎದುರಿನ ಬೆಟ್ಟಸಾಲು ಇರಲಿ, ಹತ್ತು ಮಾರು ದೂರದ ಜನರೂ ಕಾಣುತ್ತಿರಲಿಲ್ಲ. ಜೊತೆಗೆ ಬಂದವರು ಫೋಟೊ ತೆಗೆದುಕೊಂಡು ಇಳಿದುಬಿಟ್ಟರು. ಸುಮಾರು ಮುಕ್ಕಾಲು ಗಂಟೆಯ ನಂತರ ಗಾಳಿ ಎದ್ದು, ಪಡುವಣದ ಕಡೆಯ ಮಂಜು ಹರಿದು, ಕೆಳಗಿನ ಕಾಡೂ ಅದರಾಚೆಗೆ ಕರಾವಳಿಯ ಬಯಲೂ ತೆರೆದುಕೊಂಡವು.

ಒಂದೂವರೆ ಗಂಟೆ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಹತ್ತಿ ಇಳಿಯುವುದರಲ್ಲೇ ಆ ಸಮಯ ಮುಗಿಯುತ್ತದೆ; ಮಂಜು ಸರಿಯುವುದನ್ನು ಕಾಯಲು ಬಿಡುವಿರುವುದಿಲ್ಲ. ಪೀಠದಿಂದ ಇನ್ನೂ ಕೆಳಗೆ, ಸೌಪರ್ಣಿಕಾ ನದಿಯ ಮೂಲವೆಂದು ಹೇಳುವ ಚಿತ್ರಮೂಲದ ಗುಹೆಯವರೆಗೆ ಹೋಗುವ ಮಾತಂತೂ ದೂರವೇ ಉಳಿಯಿತು. ಆ ಕಡಿದಾದ ಇಳಿಜಾರಿನಲ್ಲಿ ಒಬ್ಬರೇ ಅವಸರದಿಂದ ಹೋಗುವುದು ಅಪಾಯ.

ಇದಕ್ಕೊಂದು ಪರಿಹಾರವಿದೆ, ಆದರೆ ಅದನ್ನು ಕೊಲ್ಲೂರಿನಲ್ಲೇ, ಜೀಪು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಮುಂಜಾನೆಯ ಜೀಪಿನಲ್ಲಿ ಹತ್ತಿ, ಮಧ್ಯಾಹ್ನದ ನಂತರ ಸೀಟು ಖಾಲಿಯಿರುವ ಬೇರೆ ಜೀಪಿನಲ್ಲಿ ಇಳಿಯಬಹುದೇ ಎಂದು ನಾನು ವಿಚಾರಿಸಿದಾಗ, ಚಾಲಕರು ಒಪ್ಪಿ, ಮೇಲೆ ತಲುಪಿದ ಕೂಡಲೇ ಇನ್ನೊಬ್ಬ ಚಾಲಕರಿಗೆ ನನ್ನನ್ನು ತೋರಿಸಿ ಹೇಳಿಟ್ಟರು. ಹೆಚ್ಚಿಗೆ ಸ್ವಲ್ಪ ಹಣ ಕೊಡಬೇಕಾಯಿತು, ಅದು ನ್ಯಾಯವೇ. ಇದು ಒಬ್ಬ ಚಾಲಕರ ಸೌಜನ್ಯದಿಂದ ನಡೆದದ್ದೇ ಹೊರತು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಇದನ್ನೇ ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಟಿಕೆಟ್ಟಾಗಿ, ನಿಗದಿತ ದರಕ್ಕೆ ಕೊಟ್ಟರೆ ಚಾರಣಿಗರಿಗೂ ಜೀಪಿನವರಿಗೂ ಒಳಿತು. ಮೇಲೆ ಫೋನಿನ ಸಂಪರ್ಕ ಸರಿಯಾಗಿ ಸಿಗದ ಕಾರಣ, ಇಳಿಯುವ ಜೀಪಿನ ನಂಬರನ್ನೂ ಹೊತ್ತನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ.

ಹೋಗಲು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ದಾರಿ ಕೆಸರಾಗುತ್ತದೆ, ಇಂಬಳಗಳ ಕಾಟವೂ ವಿಪರೀತ. ಹಿಡ್ಲುಮನೆ ಜಲಪಾತದ ಮೂಲಕ ನಡೆದೇ ಹತ್ತುವ ದಾರಿ ಬಹಳ ಸುಂದರವಾದರೂ, ನೀರಿನ ಪಕ್ಕದ ಜಾರುಬಂಡೆಗಳನ್ನು ಹಿಡಿದು ಏರಬೇಕಾದ್ದರಿಂದ ಒಬ್ಬರೇ ಹೋಗುವವರಿಗೆ ಅದನ್ನು ಹೇಳಲಾರೆ.

ಶಿವಮೊಗ್ಗದ ಕಡೆಯಿಂದ ಬರುವವರು ಕೊಲ್ಲೂರಿಗೆ ಇಳಿಯದೆ ನಿಟ್ಟೂರಿನ ಕಡೆಯಿಂದಲೇ ಜೀಪು ಹಿಡಿಯುವುದು ಉತ್ತಮ. ದೂರ ಕಡಿಮೆಯಾಗುವುದರಿಂದ ಉಳಿದ ಹೊತ್ತಿನಲ್ಲಿ ನಗರ ಎಂಬ ಊರಿನ ಕೋಟೆಯನ್ನೂ ನೋಡಬಹುದು. ಬಿದನೂರು ಎಂಬ ಹೆಸರಿನಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದು, 1763ರಲ್ಲಿ ಹೈದರಾಲಿಯ ಕೈಸೇರಿದ ಊರದು. ಬೆಟ್ಟ ಹತ್ತಿಳಿದು ದಣಿದ ಕಾಲುಗಳಿಗೆ ಕೋಟೆಯ ಏರು ಕಷ್ಟವೇನಲ್ಲ. ಒಳಗಿನ ಅಕ್ಕ-ತಂಗಿ ಕೊಳದವರೆಗೂ ಹೋಗಿಬರಲು ಒಂದು ಗಂಟೆ ಸಾಕು.