ಬೇರೆ ಎಂಜಿನ್ ಹಾಕಿಸಿ ಕಂಗಾಲಾಗಿದ್ದ ನಮಗೆ ಇಂಜೆಕ್ಟರ್ ಸರಿಮಾಡಿ ಕೊಟ್ಟರು

ನಮ್ಮಣ್ಣನದು ಟ್ಯಾಕ್ಸಿ, ಸ್ವಿಫ್ಟ್ ಡಿಜೈರ್ ಡೀಸೆಲ್. ಟೈಮಿಂಗ್ ಚೈನ್ ತುಂಡಾಗಿ ಎಂಜಿನ್ ಪೂರ್ತಿ ಹೋಯಿತು. ಶಿವಾಜಿನಗರದ ಗುಜರಿಯಲ್ಲಿ ಎರ್ಟಿಗಾದ ಸೆಕೆಂಡ್ ಹ್ಯಾಂಡ್ ಎಂಜಿನ್ ಸಿಕ್ಕಿತು. ಎರಡೂ ಅದೇ 1248 ಸಿಸಿ, ಕೂರಿಸಿದರೆ ಆಯ್ತು ಅಂದ ಗ್ಯಾರೇಜಿನವರ ಮಾತು ನಂಬಿದೆವು. ಕೂತಿದ್ದೇನೋ ಕೂತಿತು, ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಬಡಿತ, ಫ್ಲೈಓವರ್ ಹತ್ತುವಾಗ ಕಪ್ಪು ಹೊಗೆ, ಪಿಕಪ್ ಅಂತೂ ಇಲ್ಲವೇ ಇಲ್ಲ. ಎರಡು ವಾರ ಬಾಡಿಗೆ ಇಲ್ಲದೆ ಗಾಡಿ ನಿಂತಿತು.

ಡೀಸೆಲ್ ಗಾಡಿಗಳ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಈ ಅಂಗಡಿಗೆ ತಂದಾಗ ಮೇಸ್ತ್ರಿ ಮೊದಲು ಕೇಳಿದ್ದೇ, "ಹಳೇ ಎಂಜಿನ್ ಏನ್ ಮಾಡಿದ್ರಿ ಸಾರ್? ಇಂಜೆಕ್ಟರ್ ಇದೆಯಾ?" ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಸಾಮಾನು. ಪುಣ್ಯಕ್ಕೆ ಹಳೇ ಎಂಜಿನ್ ಇನ್ನೂ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ನೀವೂ ಎಂಜಿನ್ ಬದಲಾಯಿಸುವುದಾದರೆ ಇಂಜೆಕ್ಟರ್, ಪಂಪ್, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಮಾನು) ಬಿಚ್ಚಿಟ್ಟುಕೊಳ್ಳದೆ ಹಳೆಯದನ್ನು ಗುಜರಿಗೆ ಕೊಡಬೇಡಿ.

ಡಿಜೈರ್‌ದು 75 ಪಿಎಸ್ ಶಕ್ತಿ, ಎರ್ಟಿಗಾದ್ದು 90. ಟರ್ಬೊನೇ ಬೇರೆ ಜಾತಿಯದು. ನಮ್ಮ ಹಳೇ ಇಂಜೆಕ್ಟರ್ ಮತ್ತು ಎರ್ಟಿಗಾ ಎಂಜಿನ್ ಜೊತೆ ಬಂದ ಇಂಜೆಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು, ಬಟ್ಟೆಯಲ್ಲಿ ಮಸಿ ಒರೆಸಿ, ಮೈಮೇಲಿನ ನಂಬರ್ ನಮ್ಮಿಂದಲೇ ಓದಿಸಿದರು. ಹೊಂದಲಿಲ್ಲ. ಗಾಡಿಯ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ನಮ್ಮದೇ ಹಳೆಯದು, ಅದು ಹಳೇ ಇಂಜೆಕ್ಟರ್ ಲೆಕ್ಕದಲ್ಲೇ ಡೀಸೆಲ್ ಬಿಡುತ್ತೆ, ಹಾಗಾಗಿ ಎಂಜಿನ್ ಯಾವುದಾದರೂ ಇರಲಿ ಈ ಸಾಮಾನು ಮಾತ್ರ ಇಸಿಎಂಗೆ ಹೊಂದಬೇಕು ಅಂತ ಬಿಡಿಸಿ ಹೇಳಿದರು. ಇದನ್ನು ಬೇರೆ ಯಾರೂ ನಮಗೆ ಹೇಳಿರಲಿಲ್ಲ.

ಆಮೇಲೆ ನಮ್ಮ ಹಳೇ ನಾಲ್ಕು ಇಂಜೆಕ್ಟರನ್ನೂ ಬೆಂಚಿಗೆ, ಅಂದರೆ ಪರೀಕ್ಷೆ ಮಾಡುವ ಯಂತ್ರಕ್ಕೆ, ಹಾಕಿದರು. ಗಾಜಿನ ಕೊಳವೆಗಳಲ್ಲಿ ರಿಟರ್ನ್ ಡೀಸೆಲ್ (ಇಂಜೆಕ್ಟರ್ ಚಿಮ್ಮಿಸದೆ ವಾಪಸ್ ಬಿಡುವ ಡೀಸೆಲ್) ಏರುವುದನ್ನು ನಿಂತು ನೋಡಿದೆ: ಮೂರು ಹೆಚ್ಚುಕಡಿಮೆ ಒಂದೇ ಮಟ್ಟ, ಮೂರನೇ ನಂಬರಿನದು ಮಾತ್ರ ಎರಡರಷ್ಟು, ಅಂದರೆ ಅದು ಒಳಗೇ ಸೋರುತ್ತಿತ್ತು. ಅದೊಂದನ್ನೇ ರಿಪೇರಿ ಮಾಡಿದರು, ನಾಲ್ಕನ್ನೂ ಬದಲಾಯಿಸಿ ಅಂತ ಒತ್ತಾಯ ಮಾಡಲಿಲ್ಲ. ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಿದರು. ಹಳೇ ಪಂಪ್, ಹಳೇ ಟರ್ಬೊ ಕೂಡ ವಾಪಸ್ ಬಂತು. ಕೊನೆಗೆ ಪ್ರತಿ ಇಂಜೆಕ್ಟರ್ ತಲೆಯ ಮೇಲಿನ ಕೋಡನ್ನು, ಯಾವುದು ಯಾವ ಸಿಲಿಂಡರಿಗೆ ಅಂತ ನೋಡಿಕೊಂಡು, ಸ್ಕ್ಯಾನರಿನಲ್ಲಿ ಇಸಿಎಂಗೆ ತುಂಬಿದರು. ನಮ್ಮ ಗ್ಯಾರೇಜಿನಲ್ಲಿ ಈ ಕೆಲಸ ಮಾಡೇ ಇರಲಿಲ್ಲ.

ಬಡಿತ ನಿಂತಿತು, ಹೊಗೆ ಹೋಯಿತು. ಅಣ್ಣ ಅದೇ ಸಂಜೆ ಏರ್‌ಪೋರ್ಟ್ ಬಾಡಿಗೆ ಹಿಡಿದ.

ಬೇಜಾರು ಒಂದೇ. ಒಂದು ದಿನ ಅಂದಿದ್ದು ಮೂರು ದಿನ ಆಯಿತು, ಫೋನ್ ಮಾಡಿದರೆ ಎತ್ತುವವರಿಲ್ಲ. ದಿನದ ದುಡಿಮೆಯ ಗಾಡಿಗಳಿಗೆ ಅದು ಜಾಸ್ತಿ, ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ? ಅದಕ್ಕೇ ಒಂದು ಸ್ಟಾರ್ ಕಮ್ಮಿ. ಹೋದರೆ ಬೆಂಚ್ ರಿಪೋರ್ಟಿನ ಪ್ರಿಂಟ್ ಕೇಳಿ ತಗೊಳ್ಳಿ, ಕೊಡುತ್ತಾರೆ.