ಒಂದೇ ಬೆತ್ತ, ಮೂರು ಗರಡಿ: ಆರ್ನಿಸ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಆರ್ನಿಸ್ ಎಂದರೆ ಫಿಲಿಪ್ಪೀನ್ಸ್‌ನ ಕೋಲುವರಸೆ. ಅದರಲ್ಲಿ ನಾನು ಕಲಿತದ್ದು ಮೂರು ಪದ್ಧತಿ: ಮಾಡರ್ನ್ ಆರ್ನಿಸ್, ದೋಸೆ ಪಾರೆಸ್, ಬಾಲಿಂತವಾಕ್. ಮೊದಲೇ ಹೇಳಿಬಿಡುತ್ತೇನೆ. ನನಗೆ ಅತಿ ಹೆಚ್ಚು ಕಲಿಸಿದ್ದು ಬಾಲಿಂತವಾಕ್. ಆದರೆ ಇವತ್ತಿಗೂ ನನ್ನ ಕೈಯಲ್ಲಿ ಉಳಿದಿರುವುದು ಮಾಡರ್ನ್ ಆರ್ನಿಸ್. ಹೀಗೇಕಾಯಿತು ಎಂದು ಬರೆದರೆ, ಹೊಸದಾಗಿ ಕಲಿಯಲು ಹೊರಟವರಿಗೆ ಆಯ್ಕೆ ಸುಲಭವಾಗಬಹುದು. ಮೆಡಿಕಲ್ ಓದಲು, ಇಲ್ಲವೇ ಕೆಲಸಕ್ಕೆಂದು ಫಿಲಿಪ್ಪೀನ್ಸ್‌ಗೆ ಹೋಗುವ ನಮ್ಮ ಕಡೆಯ ಹುಡುಗರು ನನ್ನನ್ನು ಕೇಳುವುದೂ ಇದನ್ನೇ: "ಅಣ್ಣಾ, ಕೋಲುವರಸೆ ಕಲೀಬೇಕು, ಯಾವುದಕ್ಕೆ ಸೇರಲಿ?"

ನಾನು ಕೆಲಸದ ಮೇಲೆ ಎರಡೂವರೆ ವರ್ಷ ಸೆಬು ನಗರದಲ್ಲಿದ್ದೆ. ಅಲ್ಲಿನ ಜನ ಈ ವಿದ್ಯೆಯನ್ನು ಎಸ್ಕ್ರಿಮಾ ಎನ್ನುತ್ತಾರೆ. ಹೊರದೇಶಗಳಲ್ಲಿ ಕಾಲಿ ಎಂಬ ಹೆಸರೂ ಓಡಾಡುತ್ತದೆ. ಫಿಲಿಪ್ಪೀನ್ಸ್ ಸರ್ಕಾರ 2009ರಲ್ಲಿ ಕಾನೂನು ಮಾಡಿ ಇದನ್ನು ರಾಷ್ಟ್ರೀಯ ಸಮರಕಲೆ ಮತ್ತು ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿದಾಗ ಬಳಸಿದ ಹೆಸರು ಆರ್ನಿಸ್. ಹೆಸರು ಯಾವುದಾದರೂ ಕೈಗೆ ಬರುವುದು ಒಂದೇ: ಸುಮಾರು 28 ಇಂಚು ಉದ್ದದ ಬೆತ್ತ. ಸೆಬುವಿನವರ ಮಾತಿನಲ್ಲಿ ಅದು ಒಲಿಸಿ.

ಬೆತ್ತದ ಬಗ್ಗೆ ಒಂದು ಮಾತು. ದುಡ್ಡು ಉಳಿಸಲು ಬಿದಿರಿನ ಕೋಲು ತರಬೇಡಿ. ಬಿದಿರು ಒಳಗೆ ಟೊಳ್ಳು, ಏಟು ಬಿದ್ದಾಗ ಸೀಳಿ ಚೂಪಾದ ಸಿಬಿರು ಏಳುತ್ತದೆ. ಬೆತ್ತ ಒಳಗೂ ಗಟ್ಟಿ. ಸವೆದಾಗ ಚೂರಾಗುವುದಿಲ್ಲ, ಹಲ್ಲುಜ್ಜುವ ಬೇವಿನ ಕಡ್ಡಿಯ ತುದಿಯ ಹಾಗೆ ನಾರುನಾರಾಗುತ್ತದೆ. ಎರಡು ಬೆತ್ತ ಜೋರಾಗಿ ತಾಗಿದಾಗ ಸಿಪ್ಪೆ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕೈ ತಾನಾಗಿ ಮೇಲೇಳುತ್ತದೆ.

ಮೊದಲು ಸೇರಿದ್ದು ಮಾಡರ್ನ್ ಆರ್ನಿಸ್‌ಗೆ. ಇದನ್ನು ಕಟ್ಟಿದವರು ರೆಮಿ ಪ್ರೆಸಾಸ್. ಊರು ನೇಗ್ರೋಸ್ ದ್ವೀಪದ ಹಿನಿಗರಾನ್, ಹುಟ್ಟಿದ್ದು 1936ರಲ್ಲಿ. ಹಳೆಯ ಪದ್ಧತಿಯಲ್ಲಿ ಅಭ್ಯಾಸದಲ್ಲೂ ಎದುರಾಳಿಯ ಕೈಗೇ ಹೊಡೆಯುತ್ತಿದ್ದರು. ಗೆಣ್ಣು ಊದಿಸಿಕೊಂಡ ಹುಡುಗರು ಬಿಟ್ಟು ಹೋಗುತ್ತಿದ್ದರು. ಪ್ರೆಸಾಸ್ ಕೋಲಿಗೆ ಕೋಲು ತಾಗಿಸುವ ಅಭ್ಯಾಸವನ್ನು ಮುಂದೆ ತಂದರು. ನನ್ನಂಥ ಸಾಮಾನ್ಯರು ಕೈ ಮುರಿದುಕೊಳ್ಳದೆ ಈ ವಿದ್ಯೆಯೊಳಗೆ ಕಾಲಿಡಲು ಸಾಧ್ಯವಾದದ್ದು ಇದರಿಂದಲೇ. ಅವರ ಮೇಲೆ ನನಗೆ ದೊಡ್ಡ ಗೌರವವಿದೆ.

ತರಗತಿಯಲ್ಲಿ ಇಪ್ಪತ್ತು ಜನ ಸಾಲಾಗಿ ನಿಲ್ಲುತ್ತಿದ್ದೆವು. ಹನ್ನೆರಡು ಏಟು: ಒಂದು ಎಡ ಕಪಾಲ, ಎರಡು ಬಲ ಕಪಾಲ, ಐದು ಹೊಟ್ಟೆಗೆ ತಿವಿತ, ಹನ್ನೆರಡು ನೆತ್ತಿ. ಮೊದಲ ತಿಂಗಳು ಬರೀ ಎಣಿಕೆ. ಆಮೇಲೆ ಎರಡು ಕೋಲಿನ ಸಿನವಾಲಿ. ಅಲ್ಲಿನ ಹಳ್ಳಿಮನೆಗಳ ಗೋಡೆಗೆ ಹಾಕುವ ಬಿದಿರು ಹೆಣಿಗೆಯ ತಟ್ಟಿಗೆ ಸವಾಲಿ ಎನ್ನುತ್ತಾರೆ. ಕೋಲುಗಳೂ ಹಾಗೇ ಹೆಣೆದುಕೊಳ್ಳುವುದರಿಂದ ಆ ಹೆಸರು. ಕೋಲಾಟ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಇಲ್ಲಿ ಎಡಗೈಗೂ ಬಲಗೈಯಷ್ಟೇ ಕೆಲಸ.

ಕೊರತೆ ತಿಳಿದದ್ದು ನಾಲ್ಕನೇ ತಿಂಗಳಲ್ಲಿ. ನಂಬರು ಕೂಗಿದರೆ ತಡೆಯುತ್ತಿದ್ದೆ. ಕೂಗದೆ ಹೊಡೆದರೆ ಭಯದಿಂದ ನಿಂತಲ್ಲೇ ನಿಲ್ಲುತ್ತಿದ್ದೆ. ಜೊತೆಗಾರ ಗುರಿಯಿಟ್ಟಿದ್ದು ನನ್ನ ಕೋಲಿಗೆ, ನನ್ನ ತಲೆಗಲ್ಲ. ದೇಹಕ್ಕೆ ಅದು ಗೊತ್ತಾಗಿಬಿಟ್ಟಿರುತ್ತದೆ.

ಆ ಭಯವನ್ನು ಎದುರಿಸಲೆಂದು ಎರಡನೆಯದಾಗಿ ಹೋದದ್ದು ದೋಸೆ ಪಾರೆಸ್‌ಗೆ. ಉಚ್ಚಾರಣೆ ನಮ್ಮ ದೋಸೆಯ ಹಾಗೇ. ಸ್ಪ್ಯಾನಿಷ್‌ನಲ್ಲಿ ಹನ್ನೆರಡು ಎಂದರ್ಥ. 1932ರಲ್ಲಿ ಸೆಬುವಿನಲ್ಲೇ ಶುರುವಾದ ಸಂಘ, ಕನ್ಯೇತೆ ಮನೆತನದ ಹೆಸರಿನೊಂದಿಗೆ ಬೆಳೆದದ್ದು. ಆ ಮನೆಯ ಕಕೋಯ್ ಕನ್ಯೇತೆ 2016ರಲ್ಲಿ ತೊಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು. ಇಲ್ಲಿ ಮಣಿಕಟ್ಟಿನ ಆಟ ಬಹಳ. ಅಬನಿಕೋ ಎಂಬ ಏಟಿನಲ್ಲಿ ಬೀಸಣಿಗೆ ಆಡಿಸಿದಂತೆ ಕೋಲು ತಲೆಯ ಆ ಬದಿ, ಈ ಬದಿ ಬಡಿಯುತ್ತದೆ. ಮೈಗೆ ದಪ್ಪ ಅಂಗಿ, ಮುಖಕ್ಕೆ ಕಂಬಿಯ ಶಿರಸ್ತ್ರಾಣ ತೊಟ್ಟು ನಿಜವಾದ ಬೆತ್ತದಲ್ಲೇ ಸೆಣಸುವ ಪಂದ್ಯ ಇವರ ಹೆಮ್ಮೆ. ಅದರೊಳಗೆ ಒಂದು ನಿಮಿಷ ಎಂದರೆ ಎಷ್ಟು ಉದ್ದ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಮುಂಜಾನೆಯ ಬಸ್ ಗಾಜಿನ ಹಾಗೆ ಕಣ್ಣೆದುರು ಎಲ್ಲ ಮಬ್ಬು, ಕಿವಿಯಲ್ಲಿ ನಮ್ಮದೇ ಉಸಿರು.

ಭಯ ಹೋಯಿತು, ಇದು ದೊಡ್ಡ ಲಾಭ. ಆದರೆ ಏಟು ನೋಯದೇ ಇದ್ದಾಗ ತಡೆಯುವ ಬುದ್ಧಿಯೇ ಹೊರಟುಹೋಗುತ್ತದೆ. ಇಬ್ಬರೂ ಒಟ್ಟಿಗೆ ಮೇಲಿಂದ ಮೇಲೆ ಬಾರಿಸುತ್ತೇವೆ, ಅಷ್ಟೇ. ಒಂದು ಭಾನುವಾರ ಗೆಳೆಯನ ಮನೆ ತಾರಸಿಯಲ್ಲಿ ಕೈಗವಸಿಲ್ಲದೆ ಆಡಿದಾಗಲೂ ಅದೇ ಚಾಳಿಯಲ್ಲಿ ಕೈ ಮುಂದೆ ಬಿಟ್ಟೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಮೂರು ವಾರಕ್ಕೆ ಉದುರಿತು. ಸರಿಯಾಗಿ ಕಲಿತವರಿಗೆ ಈ ಪಂದ್ಯ ಒಳ್ಳೆಯ ಪರೀಕ್ಷೆ. ಶುರು ಮಾಡುವವರು ಇದರಿಂದ ಶುರು ಮಾಡಬಾರದು.

ಬಾಲಿಂತವಾಕ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ದೋಸೆ ಪಾರೆಸ್‌ನಿಂದ ಹೊರಬಂದ ವೆನಾನ್ಸಿಯೋ 'ಆನ್ಸಿಯೋಂಗ್' ಬಕೋನ್ 1952ರಲ್ಲಿ ಇದನ್ನು ಕಟ್ಟಿದರು. ಸೆಬುವಿನ ಬಾಲಿಂತವಾಕ್ ಎಂಬ ಬೀದಿಯಲ್ಲಿ, ಗಡಿಯಾರ ರಿಪೇರಿ ಅಂಗಡಿಯೊಂದರ ಹಿತ್ತಲಲ್ಲಿ ಅಭ್ಯಾಸ, ಹೆಸರೂ ಬೀದಿಯದೇ. ಒಂದೇ ಕೋಲು, ಕೈಗೆ ಕೈ ಎಟುಕುವಷ್ಟು ಹತ್ತಿರ. ರೆಮಿ ಪ್ರೆಸಾಸ್ ಕೂಡ ಬಕೋನ್ ಹತ್ತಿರ ಕಲಿತವರೇ.

ಇಲ್ಲಿ ಸಾಲಿಲ್ಲ, ಎಣಿಕೆಯ ಕೂಗಿಲ್ಲ. ಗುರು ಒಬ್ಬೊಬ್ಬರನ್ನೇ ಕರೆದು ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ಉಳಿದವರು ಬೆಂಚಿನ ಮೇಲೆ ಕೂತು ನೋಡಬೇಕು. ಗುರು ಏಟು ಕೊಡುತ್ತಾ ಕಲಿಯುವವನನ್ನು ನಡೆಸಿಕೊಂಡು ಹೋಗುವ ಈ ಕ್ರಮಕ್ಕೆ ಅಗಾಕ್ ಎನ್ನುತ್ತಾರೆ. ನನಗೆ ಹೇಳಿಕೊಟ್ಟವರಿಗೆ ಅರವತ್ತು ದಾಟಿತ್ತು. ಅವರನ್ನು ಎಲ್ಲರೂ ಮನೋಂಗ್ ಎಂದೇ ಕರೆಯುತ್ತಿದ್ದರು, ನಾವು ಅಣ್ಣ ಎನ್ನುವ ಹಾಗೆ. ಮೊದಲ ಸಂಜೆ ಅವರ ಕೋಲು ನನ್ನ ಕಪಾಲದ ಕಡೆ ಬಂತು, ಮಗು ನಡೆದು ಬಂದಷ್ಟು ನಿಧಾನ. ತಡೆದೆ. ತಡೆದೆ ಅಂದುಕೊಳ್ಳುವಷ್ಟರಲ್ಲಿ ಅವರ ಎಡಗೈ ನನ್ನ ಮಣಿಕಟ್ಟನ್ನು ಕೆಳಗೆ ಒತ್ತಿತ್ತು, ಕೋಲು ನನ್ನ ಕುತ್ತಿಗೆಯ ಪಕ್ಕ ಸುಮ್ಮನೆ ಕೂತಿತ್ತು. "ಹಿನಾಯ್ ಹಿನಾಯ್" ಎಂದರು, ನಿಧಾನ ನಿಧಾನ. ಮತ್ತೆ ಅದೇ ಏಟು. ಆವತ್ತು ಹದಿನೈದು ನಿಮಿಷ ಅದೊಂದೇ.

ನನ್ನ ಕೈ ಎಷ್ಟು ವೇಗಕ್ಕೆ ಬಂದಿದೆಯೋ ಅದಕ್ಕಿಂತ ಒಂದೆಳೆ ಹೆಚ್ಚಿನ ವೇಗದಲ್ಲೇ ಅವರು ಯಾವಾಗಲೂ ಹೊಡೆಯುತ್ತಿದ್ದರು. ಎರಡನೇ ತಿಂಗಳಿಗೆ ನಾನು ಕೋಲು ನೋಡುವುದನ್ನು ಬಿಟ್ಟು ಅವರ ಭುಜ ನೋಡಲು ಶುರುಮಾಡಿದೆ. ಅದನ್ನು ಯಾರೂ ಹೇಳಿಕೊಡಲಿಲ್ಲ. ಎಡಗೈ, ಅಲ್ಲಿಯತನಕ ಸೊಂಟದ ಪಕ್ಕ ಬಿದ್ದಿದ್ದ ಕೈ, ಎದುರಾಳಿಯ ಮುಂಗೈಯನ್ನು ಹುಡುಕಿಕೊಂಡು ಹೋಗತೊಡಗಿತು. ನಂಬರಿಲ್ಲದೆ ಬಂದ ಏಟಿಗೆ ಮೈ ಉತ್ತರ ಕೊಟ್ಟಿದ್ದು ಇಲ್ಲೇ ಮೊದಲು. ಎರಡು ಗಂಟೆ ಕಾದು ಹದಿನೈದು ನಿಮಿಷ ಕಲಿಯುವುದು ಕೆಲವರಿಗೆ ನಷ್ಟ ಎನಿಸಬಹುದು. ಬೆಂಚಿನ ಮೇಲೆ ಕೂತು ನೋಡಿದ್ದೂ ಪಾಠವೇ ಆಗಿತ್ತು ಎಂಬುದು ನನ್ನ ಅನುಭವ.

ಆಮೇಲೆ ಬೆಂಗಳೂರಿಗೆ ವಾಪಸಾದೆ. ಎದುರಿಗೆ ನಿಲ್ಲುವವರಿಲ್ಲ. ಆರು ತಿಂಗಳಲ್ಲಿ ಬಾಲಿಂತವಾಕ್ ಕೈ ಬಿಟ್ಟು ಹೋಯಿತು, ಮಾತಾಡಲು ಜನ ಸಿಗದ ಭಾಷೆಯ ಹಾಗೆ. ಮಾಡರ್ನ್ ಆರ್ನಿಸ್ ಉಳಿಯಿತು. ಅದರಲ್ಲಿ ಅನ್ಯೋ ಎಂಬ ಒಬ್ಬರೇ ಮಾಡುವ ವರಸೆಗಳಿವೆ, ಹನ್ನೆರಡು ಏಟನ್ನು ತಾರಸಿಯ ನೀರಿನ ಟ್ಯಾಂಕಿನ ಎದುರೂ ಮಾಡಬಹುದು. ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಊರಿಗೆ ಬಂದ ಮೇಲೆ ನಿನ್ನ ಜೊತೆಗಾರ ಯಾರು ಎಂದು. ಇದ್ದಾರೆ ಅಂದರೆ, ಇಬ್ಬರೂ ಕೂಡಿ ಬಾಲಿಂತವಾಕ್‌ಗೆ ಹೋಗಿ, ಎರಡನೇ ಯೋಚನೆ ಬೇಡ. ಇಲ್ಲವೆಂದರೆ ಮಾಡರ್ನ್ ಆರ್ನಿಸ್.

ಹೋದ ದಸರಾ ರಜೆಗೆ ಅಕ್ಕನ ಮಗಳು ಊರಿಂದ ಬಂದಿದ್ದಳು. ಹದಿಮೂರು ವರ್ಷ, ಶಾಲೆಯಲ್ಲಿ ಕೋಲಾಟದ ತಂಡದಲ್ಲಿದ್ದಾಳೆ. ಆರು ಎಣಿಕೆಯ ಸಿನವಾಲಿ ನನಗೆ ಎರಡು ವಾರ ಹಿಡಿದಿತ್ತು. ಅವಳು ಹತ್ತು ನಿಮಿಷಕ್ಕೆ ಹಿಡಿದಳು. "ಮಾವಾ, ಇದು ಕೋಲಾಟಾನೇ ಅಲ್ವಾ?" ಅಂದಳು. ಅಲ್ಲ, ಇಲ್ಲಿ ಪ್ರತಿ ಏಟಿಗೂ ಒಂದು ತಲೆಯೋ ಮೊಣಕಾಲೋ ಇದೆ ಎಂದು ತೋರಿಸಿದೆ. ಮುಖ ಗಂಭೀರವಾಯಿತು, ಕೋಲು ಹಿಡಿದ ಬಗೆಯೇ ಬದಲಾಯಿತು. ಈಗ ಅವಳು ಇಲ್ಲೇ ಹತ್ತಿರದ ಶಾಲೆಗೆ ಸೇರಿದ್ದಾಳೆ. ಬೆತ್ತದ ಕುರ್ಚಿ ಹೆಣೆಯುವವರ ಹತ್ತಿರ ಹೇಳಿ ಅವಳ ಅಳತೆಗೆ 26 ಇಂಚಿನದೊಂದು ಕತ್ತರಿಸಿ ತಂದಿದ್ದೇನೆ. ಈ ಭಾನುವಾರ ಒಂದೇ ಕೋಲು ಹಿಡಿಸಿ, ಎಡಗೈ ಎಲ್ಲಿರಬೇಕು ಎಂದು ನಿಧಾನವಾಗಿ ತೋರಿಸುವುದಿದೆ.